ಬುಟ್ಟಿಯಲ್ಲಿ ಬಾರದ ಮಾತ್ರೆ

ಜುಮಾನಾ ಮೂರನೇ ಮಹಡಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿ ಮೇಲೆ ಬಂದಾಗ ಅದರಲ್ಲಿ ಅವಳ ದುಡ್ಡು ಹಾಗೇ ಇತ್ತು. ಮಾತ್ರೆ ಇರಲಿಲ್ಲ!

"ಡಾಕ್ಟ್ರೇ, ನನ್ನ ಮಾತ್ರೆ ಎಲ್ಲಿ?"

ಕೆಳಗಿನ ಔಷಧಿ ಅಂಗಡಿಗೆ ಹೊಸದಾಗಿ ಬಂದಿದ್ದ ನಬೀಹ್ ತಲೆಯೆತ್ತಿದ. ಔಷಧಿ ಕೊಡುವವರನ್ನೂ ಅಲ್ಲಿ ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. "ಆತಂಕದ ಮಾತ್ರೆ ಈರುಳ್ಳಿ ಅಲ್ಲಮ್ಮ, ಬುಟ್ಟೀಲಿ ಕಳ್ಸೋಕೆ. ವೈದ್ಯರ ಚೀಟಿ ತಗೊಂಡು ಇಳಿದು ಬನ್ನಿ."

ಅಲೆಕ್ಸಾಂಡ್ರಿಯಾದ ಆ ಬೀದಿಯಲ್ಲಿ ಎಲ್ಲವೂ ಬುಟ್ಟಿಯಲ್ಲೇ ಮೇಲೇರುತ್ತಿತ್ತು. ಅಮ್ಮ ತೀರಿಕೊಂಡಾಗ ಒಂದು ತಿಂಗಳಿಗೆಂದು ಬರೆದುಕೊಟ್ಟ ಮಾತ್ರೆಯೂ ನಾಲ್ಕು ವರ್ಷ ಹಾಗೇ ಏರಿತ್ತು. ಚೀಟಿ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ.

ಜಗಳಕ್ಕೆಂದೇ ಅವಳು ಇಳಿದು ಬಂದಳು. "ಬೇಡ ಬಿಡಿ. ಇವತ್ತಿಂದಲೇ ನಿಲ್ಲಿಸ್ತೀನಿ."

ನಬೀಹ್‌ನ ಮುಖ ಬಿಳಿಚಿಕೊಂಡಿತು. "ಒಮ್ಮೆಲೇ ನಿಲ್ಲಿಸಬೇಡಿ... ಜೀವಕ್ಕೇ ಅಪಾಯ. ವೈದ್ಯೆ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

ವೈದ್ಯೆ ಹೇಳಿದಂತೆ ಮಾತ್ರೆ ಎರಡು ವಾರಕ್ಕೊಮ್ಮೆ ಒಂದೊಂದು ಚೂರು ಕಡಿಮೆಯಾಯಿತು. ನಿದ್ದೆ ಹೋಯಿತು. ತನ್ನದೇ ಹೊಲಿಗೆ ಯಂತ್ರದ ಸದ್ದು ಕಿವಿಗೆ ಚುಚ್ಚುತ್ತಿತ್ತು. ನಬೀಹ್ ದಿನಾ ಸಂಜೆ ಬಂದು ಬಾಗಿಲಲ್ಲೇ ಕುಳಿತು ಚಹಾ ಕುಡಿಯುತ್ತಿದ್ದ.

"ನಿಮ್ಮನ್ನ ಬೈತಾ ಬೆಳಗು ಮಾಡಿದೆ."

"ಬೈಯೋಕಾದ್ರೂ ನೆನೆದ್ರಲ್ಲ, ಸಾಕು."

ಈ ಮನುಷ್ಯ ಬರದಿದ್ದರೆ ನಾನು ಏನಾಗುತ್ತಿದ್ದೆ? ಅವಳಿಗೆ ಭಯವಾಯಿತು.

ಐದನೇ ತಿಂಗಳು ಪಕ್ಕದ ಮನೆಯ ಉಮ್ಮು ಸಾಬಿರ್ ಕಾಫಿಯ ಜೊತೆ ತನ್ನದೇ ಮಾತ್ರೆಯೊಂದನ್ನು ತಟ್ಟೆಯಲ್ಲಿಟ್ಟಳು. ಆ ಬೀದಿಯ ಹೆಂಗಸರು ಸಕ್ಕರೆ ಕೊಟ್ಟಷ್ಟೇ ಸಲೀಸಾಗಿ ಮಾತ್ರೆಯನ್ನೂ ಹಂಚಿಕೊಳ್ಳುತ್ತಿದ್ದರು.

"ಯಾಕೆ ಒದ್ದಾಡ್ತೀಯ ಮಗಳೇ, ತಗೋ. ಆ ನಬೀಹ್‌ನ ತಂಗೀದೂ ಇದೇ ಕಥೆಯಂತೆ. ಇವನೇ ಮಾತ್ರೆ ಕಸಿದು ಎಸೆದನಂತೆ. ಮೂರನೇ ದಿನ ಫಿಟ್ಸ್ ಬಂದು ಹೋಗಿಬಿಟ್ಲು, ಪಾಪ."

ಅಂದರೆ ನಾನು ಅವನಿಗೆ... ಬರೀ ಪ್ರಾಯಶ್ಚಿತ್ತವೇ? ಜುಮಾನಾಳ ಎದೆ ಒಡೆಯಿತು. ಅಳುತ್ತಲೇ ಆ ಮಾತ್ರೆ ನುಂಗಿದಳು.

ಮರುಸಂಜೆ ನೇರವಾಗಿ ಕೇಳಿದಳು. "ನೀವು ನನ್ನಲ್ಲಿ ತಂಗೀನ ನೋಡ್ತಿದ್ದೀರಿ, ಅಲ್ವಾ?"

ನಬೀಹ್ ಚಹಾದ ಲೋಟ ಕೆಳಗಿಟ್ಟ. "ಮೊದಲೆರಡು ತಿಂಗಳು, ಹೌದು. ಅವಳನ್ನ ನಾನೇ ಕೊಂದೆ ಅಂತ ಈಗಲೂ ಅನ್ಸುತ್ತೆ. ಆಮೇಲೆ ನಿಮಗೋಸ್ಕರಾನೇ ಬರ್ತಿದ್ದೆ. ಪೂರ್ತಿ ಗುಣ ಆದ್ಮೇಲೆ ಹೇಳೋಣ ಅಂತಿದ್ದೆ."

"ನಿನ್ನೆ ಉಮ್ಮು ಸಾಬಿರ್ ಕೊಟ್ಟಿದ್ದನ್ನ ನುಂಗಿದೆ... ಮತ್ತೆ ಮೊದಲಿಂದಾನಾ?"

"ನಾಳೆ ವೈದ್ಯೆಗೆ ಹೇಳೋಣ. ಅವರು ಹೇಳಿದ ಕಡೆಯಿಂದ ಶುರು ಮಾಡೋಣ."

"ನನ್ನ ಕೈಲಿ ಬಿಡೋಕೆ ಆಗದೇ ಹೋದ್ರೆ?"

"ಹಾಗಾದ್ರೆ ಗುಣ ಆಗೋವರೆಗೂ ಕಾಯಲ್ಲ, ಈಗಲೇ ಕೇಳ್ತೀನಿ. ನನ್ನನ್ನ ಮದುವೆ ಆಗ್ತೀರಾ?"

ಕಣ್ಣೀರು ಒರೆಸಿಕೊಳ್ಳದೆಯೇ ಅವಳು ಕೈ ಚಾಚಿದಳು. "ಎಷ್ಟು ನಡುಗ್ತಿದೆ ನೋಡಿ."

ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನನ್ನದೂ," ಎಂದ.