ಕಾಳು ಹಾಕುವಷ್ಟು ಹೊತ್ತು

ಪಕ್ಕದ ಮನೆಯ ಶಂಕ್ರವ್ವನ ಕಣ್ಣು ನನ್ನನ್ನು ಹಿಡಿದದ್ದು ನಾನು ನಗುತ್ತಿದ್ದಾಗಲೇ.

ಗಜೇಂದ್ರಗಡದಲ್ಲಿ ಸುಭಾನಸಾಬನ ಚಹಾದಂಗಡಿ. ಗ್ರಾಮೊಫೋನಿನ ಮೇಲೆ ಅವಳಪ್ಪ ಅರ್ಜುನಪ್ಪನವರ ಹೊಸ ಪ್ಲೇಟುಗಳು. ನಾಟಕ ಕಂಪನಿಗಳಲ್ಲಿ ಹಾಡುತ್ತಲೇ ತಲೆ ನರೆತವರು ಅವರು. ಈ ಸಲ ಒಂದು ಕಡೆ ರಂಗಗೀತೆ, ಒಂದು ಕಡೆ ಭಜನೆ, ಮತ್ತೊಂದು ಕಡೆ ಸಿನಿಮಾ ಧಾಟಿ, ಕೊನೆಗೆ ಬೀಸುವ ಪದ.

“ಸಂತ್ಯಾಗ ಎಲ್ಲಾ ಅಂಗಡಿ ಹೊಕ್ಕು ಬರಿಗೈಲೆ ಬಂದಂಗಾತು,” ಎಂದ ಹನಮಪ್ಪ.

“ಸಿನಿಮಾ ಧಾಟಿ ಕೇಳಿದ್ಯೋ ಇಲ್ಲೋ? ಕಾರಹುಣ್ಣಿವಿಗೆ ಮುದಿ ಎತ್ತಿನ್ನ ಕರಿ ಹರಿಯಾಕ ಬಿಟ್ಟಂಗೈತಿ!” ಎಂದ ಇನ್ನೊಬ್ಬ.

ನಾನು ನಕ್ಕೆ. ಅಂಗಡಿಗೆ ಹಾಲು ಹಾಕಲು ಬಂದ ಶಂಕ್ರವ್ವ ಬಾಗಿಲಲ್ಲೇ ನಿಂತಿದ್ದಳು. ತಂಬಿಗೆ ಇಟ್ಟವಳೇ ಹೊರಟುಹೋದಳು.

ಅಷ್ಟರಲ್ಲಿ ಬೀಸುವ ಪದ ಶುರುವಾಯಿತು.

“ಗಂಡಸಾಗಿ ಹೆಂಗಸರ ಪದ! ಅದೂ ನಡುನಡುವ ಉಸರ ನಿಂತು ಹೋಗತೈತಿ,” ಎಂದ ಕಳಕಪ್ಪ.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆದರೆ ಬಾಯಿಯನ್ನೂ ಬಿಡಲಿಲ್ಲ. ಹಿಂದಿನ ದಿನವಷ್ಟೇ ನನ್ನವ್ವ ಶಂಕ್ರವ್ವನನ್ನು ನನಗೆ ಹೆಣ್ಣು ಕೇಳಿ ಬಂದಿದ್ದಳು.

ಸಂಜೆ ಹಿತ್ತಲ ಗೋಡೆಯ ಆಚೆಯಿಂದ ಅವಳ ದನಿ ಬಂತು.

“ನೀವೆಲ್ಲಾ ನಕ್ಕದ್ದು ಕೇಳಿ ಅಪ್ಪ ಹಾರ್ಮೋನಿಯಂ ಪೆಟ್ಟಿಗಿ ಮುಚ್ಚ್ಯಾನ. ಇನ್ನ ಹಾಡೂದಿಲ್ಲಂತ. ನಿಮಗೀಗ ಸಮಾಧಾನ ಆತಲ್ಲರಿ?”

“ಸಿನಿಮಾದ್ದಕ್ಕ ನಕ್ಕೆ, ಶಂಕ್ರವ್ವ. ಸುಳ್ಳ ಯಾಕ ಹೇಳ್ಲಿ, ಅದು ಚಲೋ ಇಲ್ಲ.”

“ಬೀಸೂ ಪದಕ್ಕ?” ಹುಬ್ಬೇರಿಸಿದ ಅವಳ ಮುಖ ಗೋಡೆಯ ಮೇಲೆ ಬಂದು ನಿಂತಿತು.

“ಅದು ನಿಂದು. ಬೀಸುಕಲ್ಲಿಗೆ ಕಾಳ ಹಾಕಾಕ ನೀ ಎಲ್ಲಿ ನಿಲ್ಲಸ್ತಿ, ಅಲ್ಲೇ ಅವರೂ ನಿಲ್ಲಸ್ಯಾರ. ಉಸರ ನಿಂತದ್ದಲ್ಲ ಅದು.”

“ನಿಮಗ ಹ್ಯಾಂಗ ಗೊತ್ತು?”

ನನ್ನ ಕಿವಿ ಬಿಸಿಯಾಯಿತು. “ನಸುಕಿನ್ಯಾಗ ನಾ ಮಗ್ಗಕ್ಕ ಕುಂತಿರ್ತೀನಿ. ನೀ ನಿಲ್ಲಸಿದಾಗ ನಾನೂ ಲಾಳಿ ನಿಲ್ಲಸ್ತೀನಿ.”

ಅವಳ ತುಟಿಯ ಅಂಚು ಅಲುಗಿತು.

“ಗ್ವಾಡಿ ಮುಂದ ಭಾಳ ಧೈರ್ಯರಿ ನಿಮಗ. ಮಂದಿ ಮುಂದ ಹೇಳ್ರಿ ನೋಡೋಣು. ಆಮ್ಯಾಲ ನಿಮ್ಮವ್ವಗ ಜವಾಬ ಕೊಡ್ತೀನಿ.”

ಚಹಾದಂಗಡಿಗೆ ಹೋಗಿ ಹೇಳಿದೆ. ನಾಲಿಗೆ ತೊದಲಿತು. ಕಾಳು, ಕೈ, ಹಾಡು ಎಲ್ಲವನ್ನೂ ಹೇಳಿದೆ.

“ಏ ತೋಟಪ್ಪ, ನಮ್ಮನಿ ಜ್ವಾಳಾನೂ ಬೀಸಿಕೊಟ್ಟು ಹೋಗಪಾ!” ಎಂದ ಹನಮಪ್ಪ. ಚಹಾ ಆರುವವರೆಗೂ ನಗು ನಿಲ್ಲಲಿಲ್ಲ. ಒಬ್ಬನೂ ನನ್ನ ಮಾತು ಒಪ್ಪಲಿಲ್ಲ.

ಮರುದಿನ ನಸುಕಿಗೆ ಬೀಸುಕಲ್ಲು ತಿರುಗಿತು. ಪದ ಬಂತು, ನಿಂತಿತು. ನಾನು ಲಾಳಿ ಹಿಡಿದೆ. ಕಲ್ಲು ಮತ್ತೆ ತಿರುಗಿತು, ಪದ ಮಾತ್ರ ಬರಲಿಲ್ಲ. ಅವಳು ಕಾಯುತ್ತಿದ್ದಳು.

ಓಣಿಯೆಲ್ಲ ಕೇಳಿಸಿಕೊಳ್ಳಲಿ ಎಂದು ಮುಂದಿನ ಸಾಲನ್ನು ನಾನೇ ಎತ್ತಿದೆ.

“ಲೇ, ಶ್ರುತಿ ಎಲ್ಲಿ ಬಿಟ್ಟು ಬಂದ್ಯೋ!” ಗೋಡೆಯಾಚೆಯಿಂದ ಅರ್ಜುನಪ್ಪನವರು ಗದರಿದರು. ಶಂಕ್ರವ್ವ ನಕ್ಕಳು. ಅದರ ಹಿಂದೆಯೇ ನನ್ನನ್ನು ತಿದ್ದಲು ಹಾರ್ಮೋನಿಯಂ ಪೆಟ್ಟಿಗೆ ತೆರೆದ ಸದ್ದು.