ಸಾಫ್ ಬಂದದ

ಫೋಟೊ ನೋಡಿದ ಬಾಲಮಣಿ ನನ್ನ ಕಪಾಳಕ್ಕೆ ಬಾರಿಸಿದಳು.

"ಏಟೆಲ್ಲಿ ಹೋತೋ, ಮೊಗಲಪ್ಪ?"

ತಾಂಡೂರಿನ ಕಲ್ಲು ಗಣಿಯಲ್ಲಿ ನೀರು ಕುಡಿಯಲು ಕೂತಳೆಂದು ಜಮಾದಾರ ಅವಳಿಗೆ ಚಾಬೂಕಿನಿಂದ ಹೊಡೆದಿದ್ದ. ಕೆನ್ನೆಯಿಂದ ಕುತ್ತಿಗೆವರೆಗೆ ಬಾಸುಂಡೆ. ಫೋಟೊ ಇದ್ದರೆ ನಿಜಾಮ್ ಸರ್ಕಾರದ ಅದಾಲತ್ತಿನಲ್ಲಿ ದಾವೆ ಹಾಕುವೆ ಅಂದಿದ್ದರು ವಿಕಾರಾಬಾದಿನ ವಕೀಲ ಆತ್ಮಾರಾಮ. ಅದಕ್ಕೇ ನಮ್ಮ ಸ್ಟುಡಿಯೋಗೆ ಬಂದು, "ಸಾಫ್ ಬರಬೇಕು ನೋಡು" ಅಂದಿದ್ದಳು.

ನಮ್ಮಲ್ಲಿ ಸಾಫ್ ಅಂದರೆ ಕಲೆಯಿಲ್ಲದ ಮುಖ! ಮದುಮಗಳ ಸಿಡುಬಿನ ಕಲೆ ಮರೆಸುವ ಮೆಟಾಲ್ ಎಂಬ ಮೆದು ಔಷಧದ ನೀರಿನಲ್ಲೇ ಅವಳ ಫಿಲ್ಮನ್ನೂ ತೊಳೆದೆ. ಫಿಲ್ಮಿನ ಮೇಲೆ ಉಳಿದ ಗೆರೆಯನ್ನು ಪೆನ್ಸಿಲ್ಲಿನಿಂದ ತುಂಬಿದೆ. ಮೂರು ವರ್ಷ ಕದ್ದು ನೋಡಿದ ಮುಖ ಅದು. ಪ್ರೀತಿಯಿಂದ ಮಾಡಿದ್ದೆ. ಥೂ, ನನ್ನ ಪ್ರೀತಿಗೆ!

"ನಾಳಿಗೆ ಬಾಸುಂಡಿ ಮಾಯ್ತದ. ಆವಾಗ ಏನ್ ತೋರಿಸ್ಲಿ? ನಿನ್ನ ಮಾರಿ?"

"ಕೂಡು. ಇನ್ನೊಂದು ತೆಗಿತೀನಿ."

ಕಾಗದಪತ್ರ ನಕಲು ಮಾಡುವ ಫಿಲ್ಮು ಹಾಕಿ ತೆಗೆದೆ. ಅದಕ್ಕೆ ಬೇರೆ ನೀರು: ಹೈಡ್ರೋಕ್ವಿನೋನ್, ಕಾಸ್ಟಿಕ್ ಸೋಡಾ. ಕರಿದು ಕರಿ, ಬಿಳಿದು ಬಿಳಿ, ಯಾರ ಮುಲಾಜೂ ಇಲ್ಲ. ಮಾಲೀಕ ಶಾಂತಪ್ಪ ಮುಖದ ಫೋಟೊಗೆ ಅದನ್ನು ಮುಟ್ಟಗೊಡುತ್ತಿರಲಿಲ್ಲ.

ಫಿಲ್ಮು ತೊಳೆಯುವ ಕೆಂಪು ದೀಪದ ಕೋಣೆಯಲ್ಲಿ ಅವಳ ಮೊಣಕೈ ನನಗೆ ತಾಗಿತು.

"ನೀರು ಯಾಕ ಚೆಲ್ತಿ?"

"ಸಿಟ್ಟಿಗೆ."

"ಬರೇ ಸಿಟ್ಟಿಗಾ?" ಕಣ್ಣಂಚಿನಲ್ಲಿ ನಕ್ಕಳು. ಬಾಸುಂಡೆ ಚುರ್ ಅಂದು ಹಲ್ಲು ಕಚ್ಚಿದಳು.

ಆಗಲೇ ಹೊರಗೆ ಗಾಜು ಒಡೆದ ಸದ್ದು. ಯಾರೋ ಜಮಾದಾರನಿಗೆ ಸುದ್ದಿ ಮುಟ್ಟಿಸಿದ್ದರು. "ಹೊರಗ ಬಾರಲೇ, ಸೂಳೆಮಗನ!" ಅಂತ ಬಾಗಿಲಿಗೆ ಒದ್ದ.

ಬೆಳಕು ಬಿದ್ದರೆ ಫಿಲ್ಮು ಸತ್ತಂತೆ. ಫಿಲ್ಮಿನ ತಟ್ಟೆ ಅವಳಿಗೆ ಬಿಟ್ಟು ನಾನು ಬಾಗಿಲಿಗೆ ಬೆನ್ನು ಕೊಟ್ಟೆ. ಒಂದೊಂದು ಒದೆಗೂ ಬೆನ್ನೆಲುಬು ನಡುಗುತ್ತಿತ್ತು.

"ತಟ್ಟಿ ಅಲ್ಲಾಡಿಸ್ತಿರು! ಏನ್ ಕಾಣ್ತದ?"

"ಮಾರಿ ಕರ್ರಗ ಆಗ್ಯದ. ನಡುವ ಬಿಳಿ ಗೆರಿ."

"ಫಿಲ್ಮಿನಾಗ ಎಲ್ಲಾ ಉಲ್ಟಾ. ಆ ಗೆರಿನೇ ನಿನ್ನ ಏಟು. ಪಕ್ಕದ ಹೈಪೋ ತಟ್ಟಿಗೆ ಹಾಕು!"

ಬರಿಗೈಲೇ ಎತ್ತಿ ಹಾಕಿದಳು. ಕಾಸ್ಟಿಕ್ಕಿಗೆ ಉರಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಬಾಗಿಲು ಮುರಿಯುವ ಹೊತ್ತಿಗೆ ಫಿಲ್ಮು ಹೈಪೋ ಕುಡಿದಿತ್ತು. ಇನ್ನು ಬೆಳಕಿನ ಹೆದರಿಕೆಯಿಲ್ಲ. ಚಾಬೂಕು ನನ್ನ ಕೆನ್ನೆ ಸೀಳಿತು. ಕಾಸ್ಟಿಕ್ ತಟ್ಟೆ ಎತ್ತಿ ಅವನ ಮುಖಕ್ಕೆ ಎರಚಿದೆ. ಕಣ್ಣು ಮುಚ್ಚಿಕೊಂಡು ಎತ್ತಿನ ಹಾಗೆ ಒದರಿದ. ಫಿಲ್ಮನ್ನು ಸೆರಗಿಗೆ ಕಟ್ಟಿದ ಬಾಲಮಣಿಯ ಕೈ ಹಿಡಿದು ಸ್ಟೇಷನ್ನಿಗೆ ಓಡಿದೆ.

ವಿಕಾರಾಬಾದಿನ ರೈಲಿನಲ್ಲಿ ಅವಳು ಫಿಲ್ಮನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಆಮೇಲೆ ನನ್ನ ಕೆನ್ನೆ ಮೇಲೆ ಬೆರಳಿಟ್ಟಳು. ಮುಂಜಾನೆ ಅವಳೇ ಬಾರಿಸಿದ ಕೆನ್ನೆ.

"ನಂದಕ್ಕಿಂತ ನಿಂದ ಸಾಫ್ ಬಂದದ."

"ಪೆನ್ಸಿಲ್ಲಿಲೆ ತುಂಬ್ಲಾ?"

"ತುಂಬಿದ್ರ ಇನ್ನೊಂದು ಬಿಡ್ತೀನಿ," ಅಂದಳು. ಬೆರಳು ಮಾತ್ರ ತೆಗೆಯಲಿಲ್ಲ.