ನನ್ನ ತಪ್ಪು ನನಗೆ ಹೇಳಬೇಕಿತ್ತು!

"ತೂಕದ ಯಂತ್ರ ಉತ್ತರಾನ ಕೊಡ್ಲಿಲ್ಲ ಅಂದ್ರ ನಿಮ್ಮ ಪ್ರೋಗ್ರಾಮ್ ಏನ್ ಮಾಡ್ತೈತ್ರಿ?"

ದುರ್ಗಾ ಪರದೆಯ ಕಡೆ ನೋಡಿದಳು. ಕೆಲಸಕ್ಕೆ ಸೇರಿ ವಾರವೂ ಆಗಿರಲಿಲ್ಲ. ಎದುರಿಗೆ ಕೂತವನು ಹನಮೇಶ, ಅವಳು ಸಿ ಭಾಷೆಯಲ್ಲಿ ಬರೆದ ಕೋಡ್ ಓದಿ ಒಪ್ಪಿಗೆ ಕೊಡಬೇಕಾದ ಹಿರಿಯ ಎಂಜಿನಿಯರ್.

"ಅದು... ಸೊನ್ನಿ ಅಂತ ಬರಕೊಂತೈತ್ರಿ."

"ಅಂದ್ರ ರೈತ ತಂದ ಹಾಲು ಸೊನ್ನಿ! ಎರರ್ ಬಂದ್ರ ನುಂಗಬಾರದ್ರಿ. ತೂಕ ಕೇಳಿದವರಿಗೆ ಹೇಳಬೇಕು, ಏನಾತು ಅಂತ ಲಾಗ್ ಫೈಲಿನ್ಯಾಗೂ ಬರದಿಡಬೇಕು."

ಅದು ೨೦೦೩. ವಿದ್ಯಾನಗರದ ಆ ಪುಟ್ಟ ಕಂಪನಿ ಡೇರಿಗಳ ಹಾಲು ತೂಗುವ ಯಂತ್ರಕ್ಕೆ ಪ್ರೋಗ್ರಾಮ್ ಬರೆಯುತ್ತಿತ್ತು. ಆ ಸಂಜೆ ದುರ್ಗಾ ಮನೆಗೆ ಹೋಗುವ ಉಣಕಲ್ಲಿನ ಬಸ್ಸಿನಲ್ಲಿ ಅತ್ತಳು. ಅತ್ತು ಮುಗಿಸಿ ತಿದ್ದಿದಳು. ಮರುದಿನ ಕೆಂಪಾದ ಕಣ್ಣಲ್ಲೇ ತಂದು ತೋರಿಸಿದಳು. ಹನಮೇಶ ಕೋಡ್ ನೋಡಿದ್ದು ಕಡಿಮೆ, ಕಣ್ಣು ನೋಡಿದ್ದೇ ಹೆಚ್ಚು!

"ಛಲೋ ಐತ್ರಿ," ಎಂದ.

ಅಲ್ಲಿಂದ ಪ್ರತಿ ಸಲವೂ ಅದೇ ಮಾತು. ಕಡ್ಡಿ ಮುರಿದಂತೆ ಮಾತಾಡುವವನ ಬಾಯಿಂದ ಹೊಗಳಿಕೆ ಬಂದರೆ ಯಾವ ಹುಡುಗಿ ಕರಗುವುದಿಲ್ಲ ಹೇಳಿ? ಒಂದು ದಿನ ಚಹಾದಂಗಡಿಯಲ್ಲಿ ಅವನೇ ಬಾಯಿಬಿಟ್ಟ.

"ದುರ್ಗಾ, ನೀವಂದ್ರ ನನಗ ಭಾಳ ಇಷ್ಟರಿ..."

"ನೌಕರಿ ಕಾಯಂ ಆಗ್ಲಿ. ಆಮ್ಯಾಲೆ ಹೇಳ್ತೇನಿ," ಎಂದು ನಾಚಿದಳು.

ಆ ದಿನವೂ ಬಂತು. ಮಾಲೀಕರಾದ ನೀಲಪ್ಪನವರು ಕರೆದು ಹೇಳಿದರು. "ನಿಮ್ಮ ಕೆಲಸದಾಗ ಒಂದೂ ತಪ್ಪು ಸಿಕ್ಕಿಲ್ಲ ನೋಡ್ರಿ. ಸೋಮವಾರ ಕಾಯಂ ಮಾಡ್ತೇವಿ."

ಹಿಗ್ಗಿನಲ್ಲೇ ಬಂದು ಕುರ್ಚಿಯಲ್ಲಿ ಕೂತಳು. ಕೆಲಗೇರಿಯ ಡೇರಿಯಿಂದ ಬಂದ ಲಾಗ್ ತೆರೆದಳು. ಪ್ರಿಂಟರಿನಲ್ಲಿ ಕಾಗದ ಮುಗಿದಿದೆ ಎಂದು ಎಚ್ಚರಿಸುವ ಸಾಲೊಂದಿತ್ತು.

ಇಂಥ ಎಚ್ಚರಿಕೆ ಕೊಡಲು ನಾನು ಕೋಡ್ ಬರೆದೇ ಇಲ್ಲವಲ್ಲ!

ತಾನು ಕೊಟ್ಟ ಕೋಡನ್ನೂ ಡೇರಿಗೆ ಹೋದ ಕೋಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಒಂದಲ್ಲ, ಎರಡಲ್ಲ... ಅವಳು ಬಿಟ್ಟ ಎರರ್‌ಗಳನ್ನೆಲ್ಲ ಯಾರೋ ಹಿಡಿದಿದ್ದರು. ತಿದ್ದಿದ ಪ್ರತಿ ಸಾಲಿನ ಪಕ್ಕದಲ್ಲೂ ಒಂದೇ ಹೆಸರು, ಹನಮೇಶ. ಎಲ್ಲವೂ 'ಛಲೋ ಐತಿ' ಎಂದ ಮೇಲೆ ಕದ್ದು ತಿದ್ದಿದ್ದು!

"ಯಾಕ್ರಿ ಹಿಂಗ ಮಾಡಿದ್ರಿ?" ಅವನ ಮೇಜಿನ ಮುಂದೆ ಹೋಗಿ ನಿಂತು ಕೇಳಿದಳು.

ಹನಮೇಶನ ಮುಖ ಬಿಳಿಚಿತು. "ಅವತ್ತು ನಿಮ್ಮ ಕಣ್ಣು ಕೆಂಪಾಗಿದ್ವು... ಆಮ್ಯಾಲೆ ತಪ್ಪು ಹೇಳಾಕ ನನಗ ಬಾಯಿ ಬರ್ಲಿಲ್ರಿ."

"ಅತ್ತಿದ್ದೆ, ಖರೇ. ಅತ್ತು ತಿದ್ದಿದ್ದೆ! ನೀವು ನನಗ ಅಳಾಕೂ ಬಿಡ್ಲಿಲ್ಲ, ಕಲಿಯಾಕೂ ಬಿಡ್ಲಿಲ್ಲ. ಎರರ್ ನುಂಗಬಾರದು ಅಂತ ಕಲಿಸಿದವರು ನೀವ ಅಲ್ಲೇನ್ರಿ?"

"ದುರ್ಗಾ..."

"ನನ್ನ ಕೆಲಸ ಛಲೋ ಐತಿ ಅಂದದ್ದು ಸುಳ್ಳು. ಹಂಗಾರ ಇಷ್ಟ ಅಂದದ್ದು?"

ನಂಬಿದವನೇ ನಗೆಪಾಟಲು ಮಾಡಿದನಲ್ಲ ಎಂಬ ಸಂಕಟ ಅವಳಿಗೆ. ಆದರೂ ನೇರವಾಗಿ ನೀಲಪ್ಪನವರ ಕೋಣೆಗೆ ನಡೆದಳು.

"ಸರ, ಕಾಯಂ ಮಾಡಬ್ಯಾಡ್ರಿ. ಆ ಕೆಲಸ ಪೂರಾ ನಂದಲ್ಲ."

ಹಿಂದೆಯೇ ಹನಮೇಶ ಬಂದ. "ತಪ್ಪು ನಂದ್ರಿ, ಸರ. ಅವರಿಗೆ ಹೇಳಲಾರದ ನಾನ ತಿದ್ದೇನಿ."

ನೀಲಪ್ಪನವರು ಇಬ್ಬರನ್ನೂ ಬೈದರು. ಅವಳ ನೌಕರಿ ಕಾಯಂ ಆಗುವುದು ಮೂರು ತಿಂಗಳು ಮುಂದಕ್ಕೆ ಹೋಯಿತು. ಮುಂದಿನ ಪರಿಶೀಲನೆ ಎಲ್ಲರೆದುರಿಗೇ ಆಗಬೇಕೆಂದರು.

ಆ ಪರಿಶೀಲನೆಯ ದಿನ ಹನಮೇಶ ಬೆವೆತುಹೋಗಿದ್ದ. "ಫೈಲ್ ತೆರೀದಿದ್ರ ನಿಮ್ಮ ಪ್ರೋಗ್ರಾಮ್ ಎರರ್ ಹೇಳಲಾರದ ಸುಮ್ನ ವಾಪಸ್ ಬರ್ತೈತ್ರಿ. ಕೆಲಸ ಮುಗದ ಮ್ಯಾಲೂ ತಗೊಂಡ ಮೆಮೊರಿ ಬಿಟ್ಟಿಲ್ಲ. ಲಾಗೂ ಇಲ್ಲ. ಇದನ್ನ... ನಾ ಒಪ್ಪಂಗಿಲ್ರಿ."

ಅವಳ ಕಣ್ಣು ತುಂಬಿದವು. ಅವನು ನೋಡಿದ, ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಎರಡು ಸಲ ತಿರಸ್ಕರಿಸಿದ. ಎರಡು ಸಲವೂ ಅವಳು ಹಟ ಹಿಡಿದು ತಿದ್ದಿದಳು. ಮೂರನೆಯ ಸಲ ಒಪ್ಪಿಗೆ ಸಿಕ್ಕಾಗ ಅದು ತನ್ನದೇ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

ಸಂಜೆ ಬಸ್ ನಿಲ್ದಾಣದಲ್ಲಿ ಹನಮೇಶ ದೂರದಲ್ಲೇ ನಿಂತಿದ್ದ. ಅವಳೇ ಹತ್ತಿರ ಹೋದಳು.

"ನಿಮ್ಮ ಮ್ಯಾಲೆ ಸಿಟ್ಟು ಇನ್ನಾ ಹೋಗಿಲ್ರಿ."

"ಗೊತ್ತೈತ್ರಿ."

"ಮನಸ್ಸೂ ನಿಮ್ಮ ಮ್ಯಾಲೇ ಐತಿ. ಎರಡನ್ನೂ ಮುಚ್ಚಿಡಲಾರದ ಹೇಳೇನಿ, ನೋಡ್ರಿ."

ಅವನ ಕಣ್ಣು ಹನಿಗೂಡಿದವು. "ಸಿಟ್ಟು ಎಷ್ಟು ದಿನ ಇರ್ತೈತ್ರಿ?"

"ಮದುವಿ ಆದ ಮ್ಯಾಲೂ ಇರ್ತೈತಿ!"

"ಇರ್ಲಿ ಬಿಡ್ರಿ... ದಿನಾ ನನ್ನ ಮಾರಿ ಮ್ಯಾಲೇ ಹೇಳ್ರಿ."